ವಿಂಡ್‌ಶೀಲ್ಡ್ ಹಾಕಿಸಿದ ಮೇಲೆ ಬೈಕ್ ಗಡಗಡ ಅನ್ನುತ್ತಿದೆಯಾ? ಶೀಲ್ಡ್ ಬಿಚ್ಚಿ ಬಿಸಾಡುವ ಮೊದಲು ಇಷ್ಟು ನೋಡಿ

ದೂರು ಬರುವುದೇ ಹೀಗೆ: "ಹೊಸ ವಿಂಡ್‌ಶೀಲ್ಡ್ ಹಾಕಿಸಿದೆ. ಊರೊಳಗೆ ಆರಾಮಾಗಿದೆ. ನೈಸ್ ರಸ್ತೆ ಹತ್ತಿ ಎಪ್ಪತ್ತು ದಾಟಿಸಿದರೆ ಗಡಗಡ ಅನ್ನುತ್ತೆ. ಶೀಲ್ಡ್ ಸರಿಯಿಲ್ಲ ಅನ್ಸುತ್ತೆ, ತೆಗೆಸಿಬಿಡ್ಲಾ?"

ತೆಗೆಸುವುದು ಸುಲಭ. ಆದರೆ ಈ "ಗಡಗಡ" ಅನ್ನುವ ಒಂದೇ ಮಾತಿನೊಳಗೆ ನಾಲ್ಕು ಬೇರೆ ಬೇರೆ ತೊಂದರೆ ಇರಬಹುದು. ತಲೆ ಅಲುಗುವುದು ಬೇರೆ, ಹ್ಯಾಂಡಲ್ ನಡುಗುವುದು ಬೇರೆ, ಶೀಲ್ಡೇ ತಟತಟ ಬಡಿಯುವುದು ಬೇರೆ, ಇಡೀ ಗಾಡಿ ಹಾವು ಹರಿದ ಹಾಗೆ ಹೊಯ್ದಾಡುವುದು ಬೇರೆ. ತಲೆ ಅಲುಗಿದರೆ ಕಿರಿಕಿರಿ, ಅಷ್ಟೆ. ಹ್ಯಾಂಡಲ್ ನಡುಗುವುದು, ಗಾಡಿ ಹೊಯ್ದಾಡುವುದು ಅಪಾಯ. ಹ್ಯಾಂಡಲ್ ನಡುಕಕ್ಕೆ ಶೀಲ್ಡೇ ಕಾರಣ ಆಗಿರುವುದು ಕಡಿಮೆ. ಗಾಡಿಯಲ್ಲಿ ಮೊದಲೇ ಇದ್ದ ಕಾಯಿಲೆಯನ್ನು ಅದು ಬಯಲಿಗೆ ತಂದಿರುವುದೇ ಜಾಸ್ತಿ. ಶೀಲ್ಡ್ ಬಿಚ್ಚಿಟ್ಟರೆ ನಡುಕ ಕಡಿಮೆಯಾಗುತ್ತದೆ, ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ.

ಯಾವುದಕ್ಕೆ ಅಂಟಿಕೊಂಡಿದೆ?

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ಗೊತ್ತಾಗಬೇಕು. ಈ ಸದ್ದು ಅಥವಾ ನಡುಕ ಯಾವುದರ ಹಿಂದೆ ಬರುತ್ತಿದೆ? ಇಂಜಿನ್ ತಿರುಗುವ ವೇಗದ ಹಿಂದೆಯಾ, ಗಾಡಿ ಓಡುವ ವೇಗದ ಹಿಂದೆಯಾ, ಗಾಳಿಯ ಹಿಂದೆಯಾ, ರಸ್ತೆಯ ಗುಂಡಿಯ ಹಿಂದೆಯಾ?

ಗಾಡಿ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಕೊಡಿ. ಯಾವುದೋ ಒಂದು ಹಂತದಲ್ಲಿ ಶೀಲ್ಡ್ ಝುಂ ಅಂದು, ಅದನ್ನು ದಾಟಿದ ಮೇಲೆ ಸುಮ್ಮನಾಗುತ್ತದೆಯಾ? ಹಾಗಿದ್ದರೆ ಇಂಜಿನ್ ನಡುಕಕ್ಕೆ ಬ್ರಾಕೆಟ್ ಜೊತೆಗೂಡಿ ಅದುರುತ್ತಿದೆ, ಅಷ್ಟೆ. ಗಾಳಿಗೂ ಇದಕ್ಕೂ ಸಂಬಂಧವಿಲ್ಲ. ಬೋಲ್ಟು, ರಬ್ಬರ್ ವಾಷರ್ ಕಡೆ ನೋಡಿ.

ನಿಂತಾಗ ಏನೂ ಇಲ್ಲ ಅಂದರೆ ರಸ್ತೆಗೆ ಹೋಗಿ. 60ರ ವೇಗದಲ್ಲಿ ಟಾಪ್ ಗೇರ್‌ನಲ್ಲಿ ಬರುವ ಸದ್ದು, ಅದೇ 60ರಲ್ಲಿ ಒಂದು ಗೇರ್ ಇಳಿಸಿದಾಗ ಬದಲಾಯಿತಾ? ಬದಲಾದರೆ ಇಂಜಿನ್ ಕಡೆಯದು. ಬದಲಾಗದಿದ್ದರೆ ಚಕ್ರದ್ದು ಅಥವಾ ಗಾಳಿಯದು. ಆಮೇಲೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ವಾಪಸ್ ಬನ್ನಿ. ಹೋಗುವಾಗ ಇದ್ದದ್ದು ಬರುವಾಗ ಇಲ್ಲ ಅಂದರೆ ಗಾಳಿಯದೇ ಕೆಲಸ. ಮುಂಗಾರಿನ ತಿಂಗಳುಗಳಲ್ಲಿ ಬೆಂಗಳೂರಿಗೆ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಆಷಾಢದಲ್ಲಂತೂ ಕೇಳುವುದೇ ಬೇಡ. ತುಮಕೂರು ರಸ್ತೆಯಲ್ಲಿ ನೆಲಮಂಗಲದ ಕಡೆ ಹೋಗುವಾಗ ಎದೆಗೆ ಹೊಡೆಯುವ ಗಾಳಿ ವಾಪಸ್ ಬರುವಾಗ ಬೆನ್ನು ತಳ್ಳುತ್ತದೆ. ಅಂಥ ದಿನ ಒಂದೇ ದಿಕ್ಕಿಗೆ ಓಡಿಸಿ ತೀರ್ಮಾನಕ್ಕೆ ಬರಬೇಡಿ.

ಗುಂಡಿ ಪರೀಕ್ಷೆಗೆ ನಮ್ಮೂರಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೈಸೂರು ಕಡೆ ಹೋಗುವವರಿಗೆ ಅದು ದಾರಿಯಲ್ಲೇ ಆಗುತ್ತದೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಅಲ್ಲಿನ ಹಂಪ್ ಹತ್ತಿ ಇಳಿಯುವಾಗ ಮಾತ್ರ ಮುಂದೆ ಟಕ್ ಅಂದರೆ ಶೀಲ್ಡ್ ಬ್ರಾಕೆಟ್ ಇರಬಹುದು, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಕಡೆಯ ಬೇರಿಂಗ್) ಇರಬಹುದು. ಎರಡನ್ನೂ ಮುಂದೆ ನೋಡೋಣ.

ಕೊನೆಗೆ ಶೀಲ್ಡ್ ಬಿಚ್ಚಿ, ಅದೇ ರಸ್ತೆ, ಅದೇ ವೇಗ. ಇಲ್ಲಿ ಎಲ್ಲರೂ ಎಡವುವುದು ಉತ್ತರ ಓದುವುದರಲ್ಲಿ. ನಡುಕ ಪೂರ್ತಿ ಹೋಯಿತು ಅಂದರೆ ಶೀಲ್ಡ್ ಅಥವಾ ಅದನ್ನು ಕೂರಿಸಿದ ರೀತಿ ತಪ್ಪು. "ಸ್ವಲ್ಪ ಕಡಿಮೆಯಾಯ್ತು" ಅಂದರೆ ತಪ್ಪು ಗಾಡಿಯದು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 40ರಲ್ಲಿ ಶೀಲ್ಡ್ ಮೇಲೆ ಎಷ್ಟು ಒತ್ತಡವೋ 80ರಲ್ಲಿ ಅದರ ನಾಲ್ಕು ಪಟ್ಟು. ಹ್ಯಾಂಡಲ್‌ಗೇ ಕ್ಲ್ಯಾಂಪ್ ಹಾಕಿ ಕೂರಿಸುವ ಶೀಲ್ಡ್ ಆದರೆ ಅಷ್ಟೂ ಒತ್ತಡ ನೇರ ಸ್ಟೇರಿಂಗ್ ಮೇಲೆ ಬೀಳುತ್ತದೆ. ಅಲ್ಲಿ ಒಂದು ಸಣ್ಣ ಸಡಿಲ ಇದ್ದರೂ ಸಾಕು, ಕೈಗೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಕೈ ಬಿಟ್ಟು ಓಡಿಸಿ ನೋಡು ಅಂತ ಸಲಹೆ ಕೊಡುವವರು ಬಹಳ ಜನ. ಬೇಡ. ಬೆರಳು ಹಗುರವಾಗಿ ಇಟ್ಟರೆ ಸಾಕು, ನಡುಕ ತಾನಾಗೇ ಕೈಗೆ ಬರುತ್ತದೆ. ಓಡಿಸುವಾಗ ನಡುಕ ಜೋರಾದರೆ ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ, ಬ್ರೇಕ್ ಒತ್ತಬೇಡಿ. ಥ್ರಾಟಲ್ ಮೆಲ್ಲಗೆ ಇಳಿಸಿ.

ಹ್ಯಾಂಡಲ್ ನಡುಗಿದರೆ

ಗಾಳಿಯಿಂದ ಶುರು ಮಾಡಿ, ಅಂದರೆ ಟೈರ್ ಗಾಳಿಯಿಂದ. ಗಾಡಿ ರಾತ್ರಿಯೆಲ್ಲ ನಿಂತು ಟೈರ್ ತಣ್ಣಗಿರುವಾಗ ಅಳೆಯಬೇಕು. ಎಷ್ಟಿರಬೇಕು ಅನ್ನುವುದು ನಿಮ್ಮ ಗಾಡಿಯ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಸ್ಟಿಕ್ಕರ್‌ನಲ್ಲಿ ಇರುತ್ತದೆ, ಇಲ್ಲವಾದರೆ ಕೈಪಿಡಿಯಲ್ಲಿ. ಪಂಕ್ಚರ್ ಅಂಗಡಿಯಲ್ಲಿ "ಮೂವತ್ತು ಹೊಡೀಲಾ ಸಾರ್" ಅಂದರೆ ಹೂಂ ಅಂದುಬಿಡುವುದು ನಮ್ಮೆಲ್ಲರ ಅಭ್ಯಾಸ ಅಲ್ವಾ. ಮುಂದಿನದಕ್ಕೂ ಹಿಂದಿನದಕ್ಕೂ ಬೇರೆ ಲೆಕ್ಕ ಇರುವ ಗಾಡಿಗಳು ಬೇಕಾದಷ್ಟಿವೆ. ಒಂದು ಸಣ್ಣ ಗೇಜ್ ಇಟ್ಟುಕೊಳ್ಳಿ, ಈ ಕೆಲಸದಲ್ಲಿ ಅದಕ್ಕಿಂತ ಉಪಯೋಗದ ಸಾಮಾನು ಇನ್ನೊಂದಿಲ್ಲ.

ಗಾಳಿ ಸರಿಯಿದ್ದರೆ ಮುಂದಿನ ಟೈರ್ ಮೇಲೆ ಅಂಗೈ ಆಡಿಸಿ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲು ತಾಗಿದಂತೆ ಇದ್ದರೆ ಟೈರ್ ಏರುಪೇರಾಗಿ ಸವೆದಿದೆ. ಹಿಂದಿನ ಟೈರ್ ನಡು ಚಪ್ಪಟೆಯಾಗಿದ್ದರೂ ಗಾಡಿ ಹೊಯ್ದಾಡುತ್ತದೆ. ದಿನವೂ ಸಿಲ್ಕ್ ಬೋರ್ಡ್, ಹೆಬ್ಬಾಳ ಅಂತ ನೇರ ರಸ್ತೆಯಲ್ಲೇ ಓಡುವ ಗಾಡಿಗಳಲ್ಲಿ ಇದು ಮಾಮೂಲಿ.

ಈಗ ಕೋನ್ ಸೆಟ್. ಹ್ಯಾಂಡಲ್ ತಿರುಗುವ ಕಡೆ, ಫ್ರೇಮಿನ ಕುತ್ತಿಗೆಯೊಳಗೆ ಮೇಲೊಂದು ಕೆಳಗೊಂದು ಇರುವ ಬೇರಿಂಗ್. ಬೆಂಗಳೂರಿನ ಗಾಡಿಗಳಲ್ಲಿ ಹ್ಯಾಂಡಲ್ ನಡುಕ ಅಂದರೆ ಟೈರ್ ಬಿಟ್ಟು ನಾನು ಮೊದಲು ಅನುಮಾನಿಸುವುದು ಇದನ್ನೇ. ನೋಡುವುದಕ್ಕೆ ಇನ್ನೊಬ್ಬರು ಜೊತೆಗಿರಬೇಕು. ಡಬಲ್ ಸ್ಟ್ಯಾಂಡ್ ಹಾಕಿ, ಅವರು ಹಿಂದಿನ ಸೀಟನ್ನು ಒತ್ತಿ ಹಿಡಿಯಲಿ, ಮುಂದಿನ ಚಕ್ರ ನೆಲ ಬಿಡಬೇಕು. ನೀವು ಮುಂದೆ ಕೂತು ಫೋರ್ಕಿನ ಎರಡೂ ಕಾಲನ್ನು ಕೆಳಗಡೆ ಹಿಡಿದು ಹಿಂದೆ ಮುಂದೆ ಎಳೆದು ತಳ್ಳಿ. ಟಕ್ ಟಕ್ ಅಂತ ಆಡಿದರೆ ಸಡಿಲ. ಆಟ ಎಲ್ಲಿದೆ ಅಂತ ಅನುಮಾನ ಬಂದರೆ ಒಂದು ಬೆರಳನ್ನು ಫ್ರೇಮ್ ಕುತ್ತಿಗೆಯ ಕೆಳ ಅಂಚಿಗೆ, ಫೋರ್ಕಿನ ಎರಡೂ ಕಾಲನ್ನು ಹಿಡಿದಿರುವ ಟಿ ಕೂಡುವ ಜಾಗಕ್ಕೆ ಇಟ್ಟು ಇನ್ನೊಂದು ಕೈಯಲ್ಲಿ ಎಳೆಯಿರಿ. ಬೆರಳಿಗೆ ಗೊತ್ತಾಗುತ್ತದೆ.

ಆಮೇಲೆ ಹ್ಯಾಂಡಲ್ಲನ್ನು ಒಂದೇ ಬೆರಳಲ್ಲಿ ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿ. ಕಣ್ಣು ಮುಚ್ಚಿಕೊಂಡರೆ ಇನ್ನೂ ಒಳ್ಳೆಯದು. ಸರಿಯಾದ ಬೇರಿಂಗ್ ಎಣ್ಣೆ ಹಾಕಿದ ಹಾಗೆ ಜಾರುತ್ತದೆ. ಹೋದ ಬೇರಿಂಗ್, ಚಕ್ರ ನೇರ ಬಂದ ಜಾಗಕ್ಕೆ ಸರಿಯಾಗಿ ಕಚ್ ಅಂತ ಹಿಡಿಯುತ್ತದೆ, ಸ್ವಲ್ಪ ಬಲ ಕೊಟ್ಟರೆ ಬಿಡುತ್ತದೆ. ಅಲ್ಲೇ ಯಾಕೆ? ಗಾಡಿ ಬಹುಪಾಲು ಸಮಯ ನೇರ ಓಡುತ್ತದೆ. ಪ್ರತಿ ಗುಂಡಿಯ ಪೆಟ್ಟನ್ನೂ ಬಾಲ್‌ಗಳು ಅದೇ ಜಾಗದಲ್ಲಿ ತಿಂದು, ಅವು ಕೂರುವ ಬಳೆಯಲ್ಲಿ, ಅಂದರೆ ರೇಸ್‌ನಲ್ಲಿ ಸಣ್ಣ ಸಣ್ಣ ಕುಳಿ ಬೀಳುತ್ತವೆ. ಬಾಲ್‌ಗಳು ಕುಳಿಯೊಳಗೆ ಇಳಿದು ಕೂರುತ್ತವೆ. ಇದಕ್ಕೆ ಬಿಗಿ ಮಾಡುವುದು ಮದ್ದಲ್ಲ, ಇನ್ನೂ ಕೆಡುತ್ತದೆ. ಸೆಟ್ ಪೂರ್ತಿ ಬದಲಿಸಬೇಕು, ಮೇಲಿನದೂ ಕೆಳಗಿನದೂ ಒಟ್ಟಿಗೆ. ಕುಳಿ ಇಲ್ಲದೆ ಬರೀ ಸಡಿಲ ಇದ್ದರೆ ಮಾತ್ರ ಬಿಗಿ ಮಾಡಿಸಿ. ಅತಿ ಬಿಗಿಯೂ ತೊಂದರೆ: ಟ್ರಾಫಿಕ್‌ನಲ್ಲಿ ನಿಧಾನ ಹೋಗುವಾಗ ಗಾಡಿ ನೇರ ನಿಲ್ಲುವುದಿಲ್ಲ, ಅತ್ತಿತ್ತ ಬೀಳುತ್ತದೆ.

ನನ್ನ ಹೆಂಡತಿಯ ತಮ್ಮನ ಗಾಡಿಯಲ್ಲಿ ಆದದ್ದು ಇದೇ. "ಭಾವ, ಶೀಲ್ಡ್ ತೆಗೆದ್ರೆ ಸರಿಹೋಗುತ್ತೆ, ನೋಡಿದೀನಿ" ಅಂದ. "ಪೂರ್ತಿ ಹೋಗುತ್ತಾ, ಕಡಿಮೆ ಆಗುತ್ತಾ?" ಅಂದೆ. ಯೋಚನೆ ಮಾಡಿ "ಕಡಿಮೆ" ಅಂದ. ಹಿಂದೆ ಒಂದು ದೊಡ್ಡ ಬಾಕ್ಸ್, ಅದರೊಳಗೆ ಲ್ಯಾಪ್‌ಟಾಪ್, ಮಳೆಕೋಟು, ಬೀಗದ ಚೈನು. ಹಿಂದಿನ ಆಕ್ಸಲ್ಲಿಗಿಂತ ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ. ಅದರ ಮೇಲೆ ಶೀಲ್ಡ್ ಹಿಡಿದ ಗಾಳಿ, ಕೆಳಗೆ ಕುಳಿಬಿದ್ದ ಕೋನ್ ಸೆಟ್. ಮೂರೂ ಸೇರಿ ಎಪ್ಪತ್ತಕ್ಕೆ ನಡುಗುತ್ತಿತ್ತು. ಕೋನ್ ಸೆಟ್ ಹಾಕಿಸಿ, ಬಾಕ್ಸಿನ ಭಾರ ಇಳಿಸಿದ ಮೇಲೆ ಅದೇ ಶೀಲ್ಡ್‌ನಲ್ಲಿ ಹ್ಯಾಂಡಲ್ ನಿಂತಿತು. ಹೆಲ್ಮೆಟ್ ಅಲುಗುವುದು ನಿಲ್ಲಲಿಲ್ಲ. ಅದು ಬೇರೆಯದೇ ಕಾಯಿಲೆ.

ಕೋನ್ ಸೆಟ್ ಬದಲಿಸುವುದನ್ನು ಮನೆಯಲ್ಲಿ ಮಾಡಲು ಹೋಗಬೇಡಿ ಅಂತಲೇ ನನ್ನ ಮಾತು. ಹಳೇ ರೇಸ್ ಹೊಡೆದು ತೆಗೆಯಬೇಕು, ಹೊಸದನ್ನು ಓರೆಯಾಗದಂತೆ ಕೂರಿಸಬೇಕು. ಅದಕ್ಕೆ ಬೇಕಾದ ಪೈಪು, ಪಂಚು ಮೆಕ್ಯಾನಿಕ್ ಹತ್ತಿರ ಇರುತ್ತದೆ. ನೀವು ಮಾಡಬೇಕಾದದ್ದು ಎರಡು. ಕಂಪನಿಯ ಸೆಟ್ಟನ್ನೇ ಕೊಡಿಸಿ, ಗ್ರೀಸ್ ತುಂಬಿಸುವಾಗ ಪಕ್ಕದಲ್ಲಿ ನಿಲ್ಲಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೊಸ ರೇಸ್ ತನ್ನ ಜಾಗದಲ್ಲಿ ಕೂತು ಸ್ವಲ್ಪ ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ಆ ಎಳೆದು ತಳ್ಳುವ ಪರೀಕ್ಷೆ ಮಾಡಿ ಬಿಗಿ ಮಾಡಿಸಬೇಕು.

ಇದೂ ಸರಿಯಿದ್ದರೆ ರಿಮ್. ಚಕ್ರ ಎತ್ತಿರುವಾಗಲೇ ಫೋರ್ಕ್ ಕಾಲಿಗೆ ಒಂದು ಕೇಬಲ್ ಟೈ ಬಿಗಿದು, ಅದರ ತುದಿ ರಿಮ್ಮಿಗೆ ಇನ್ನೇನು ತಾಗಬೇಕು ಅನ್ನುವಷ್ಟು ಕತ್ತರಿಸಿ. ಚಕ್ರ ತಿರುಗಿಸಿ. ತುದಿಗೂ ರಿಮ್ಮಿಗೂ ನಡುವಿನ ಸಂದು ಎಲ್ಲೆಲ್ಲಿ ಹಿಗ್ಗಿ ಕುಗ್ಗುತ್ತದೆ ನೋಡಿ. 2 ಮಿ.ಮೀ.ಗಿಂತ ಜಾಸ್ತಿ ಆಡಿದರೆ ರಿಮ್ ಬೆಂಡ್ ತೆಗೆಸಬೇಕು. ಕಡ್ಡಿ ಚಕ್ರ ಆದರೆ ಸ್ಪ್ಯಾನರ್‌ನಿಂದ ಒಂದೊಂದೇ ಸ್ಪೋಕ್ ತಟ್ಟಿ. ಬಿಗಿಯಾದದ್ದು ಟಿಂಗ್ ಅನ್ನುತ್ತದೆ, ಸಡಿಲವಾದದ್ದು ದಪ್ ಅನ್ನುತ್ತದೆ.

ಹಿಂಭಾಗ ಹೊಯ್ದಾಡುವ ಗಾಡಿಗೆ ಸ್ವಿಂಗ್ ಆರ್ಮ್ ಹಿಡಿದು ಅಡ್ಡಡ್ಡ ಅಲುಗಾಡಿಸಿ, ಬುಷ್ ಸಡಿಲವಾಗಿದೆಯಾ ನೋಡಿ. ಹಿಂದಿನ ಚಕ್ರ ನೇರ ಕೂತಿದೆಯಾ ಅನ್ನುವುದಕ್ಕೆ ಎರಡೂ ಕಡೆ ದಾರ ಹಿಡಿದು ನೋಡಿದರೆ ಸಾಕು. ಚೈನ್ ಅಡ್ಜಸ್ಟರ್ ಮೇಲಿನ ಗುರುತನ್ನೇ ಪೂರ್ತಿ ನಂಬಬೇಡಿ.

ತಲೆ ಅಲುಗಿದರೆ

ಹೆಲ್ಮೆಟ್ಟನ್ನು ಯಾರೋ ಎರಡೂ ಕಡೆ ಹಿಡಿದು ಅಲ್ಲಾಡಿಸಿದಂತೆ, ಕಣ್ಣಿಗೆ ರಸ್ತೆ ಎರಡೆರಡು ಕಂಡಂತೆ ಆಗುತ್ತದೆಯಾ? ಇದು ಬರೀ ಗಾಳಿಯ ಕೆಲಸ. ಶೀಲ್ಡಿನ ಮೇಲಂಚು ದಾಟಿದ ಗಾಳಿ ಸುಳಿ ಸುಳಿಯಾಗಿ ಒಡೆಯುತ್ತದೆ. ಶೀಲ್ಡ್ ಹಿಂದೆ ಒತ್ತಡ ಕಡಿಮೆ ಇರುವುದರಿಂದ ಆ ಸುಳಿ ಒಳಕ್ಕೆ ಎಳೆದುಕೊಂಡು ಸರಿಯಾಗಿ ನಿಮ್ಮ ತಲೆಗೆ ಹೊಡೆಯುತ್ತದೆ.

ಖಾಲಿ ರಸ್ತೆಯಲ್ಲಿ ನಿಮಗೆ ತೊಂದರೆ ಕೊಡುವ ವೇಗದಲ್ಲಿ ಹೋಗುತ್ತಾ, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಎದ್ದು ನೋಡಿ. ಗಾಳಿ ಜೋರಾದರೂ ಅಲುಗಾಟ ನಿಂತಿತಾ? ಹಾಗಾದರೆ ನಿಮ್ಮ ತಲೆ ಈಗ ಸುಳಿಯ ಮೇಲಿದೆ, ಶುದ್ಧ ಗಾಳಿಯಲ್ಲಿದೆ. ಆಮೇಲೆ ಸ್ವಲ್ಪ ಬಗ್ಗಿ ನೋಡಿ. ಬಗ್ಗಿದಾಗಲೂ ನಿಂತರೆ ಶೀಲ್ಡಿನ ಎತ್ತರ ನಿಮ್ಮ ಮೈಕಟ್ಟಿಗೆ ನಡುವಿನಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಅತ್ತ ಗಿಡ್ಡವೂ ಅಲ್ಲ, ಇತ್ತ ಉದ್ದವೂ ಅಲ್ಲ. ಅದಕ್ಕೇ ಗೆಳೆಯನ ಗಾಡಿಗೆ ಚೆನ್ನಾಗಿ ಕೂತ ಶೀಲ್ಡ್ ನಿಮ್ಮ ಗಾಡಿಗೆ ತಲೆನೋವಾಗುವುದು. ಗಾಡಿ ಒಂದೇ, ಸವಾರನ ಎತ್ತರ ಬೇರೆ.

ಮೊದಲ ಉಪಾಯ, ಕೆಳಗೆ ಸಂದು ಬಿಡುವುದು. ಬಹಳ ಕಡೆ ಶೀಲ್ಡನ್ನು ಹೆಡ್‌ಲೈಟಿಗೆ ಒತ್ತಿ ಕೂರಿಸಿರುತ್ತಾರೆ, ನೋಡಲು ಚೆಂದ ಅಂತ. ಶೀಲ್ಡ್ ಮತ್ತು ಬ್ರಾಕೆಟ್ ನಡುವೆ 10 ರಿಂದ 15 ಮಿ.ಮೀ. ಸ್ಪೇಸರ್ ಹಾಕಿ, ಅಷ್ಟೇ ಉದ್ದ ಜಾಸ್ತಿ ಇರುವ ಬೋಲ್ಟ್ ತಂದು ಬಿಗಿಯಿರಿ. ಕೆಳಗಿನಿಂದ ನುಗ್ಗಿದ ಗಾಳಿ ಶೀಲ್ಡ್ ಹಿಂದಿನ ಕಡಿಮೆ ಒತ್ತಡವನ್ನು ತುಂಬುತ್ತದೆ, ಮೇಲಿನ ಸುಳಿ ಒಳಕ್ಕೆ ಬೀಳುವುದು ಕಡಿಮೆಯಾಗುತ್ತದೆ. ನನ್ನ ಹೆಂಡತಿಯ ತಮ್ಮನ ಹೆಲ್ಮೆಟ್ ನಿಂತದ್ದು ಇಷ್ಟಕ್ಕೇ. ಸ್ಪೇಸರ್ ಎಲ್ಲಿ ಸಿಗುತ್ತದೆ ಅಂತ ಹುಡುಕಬೇಡಿ, ಎಸ್.ಪಿ. ರಸ್ತೆಯ ನಟ್ಟು ಬೋಲ್ಟು ಅಂಗಡಿಗಳಲ್ಲಿ ಹಳೇ ಬೋಲ್ಟ್ ತೋರಿಸಿದರೆ ಜೋಡಿ ಕೊಡುತ್ತಾರೆ.

ಇದರಿಂದ ಆಗದಿದ್ದರೆ ಕೋನ ಬದಲಿಸಿ. ಶೀಲ್ಡ್ ಜಾಸ್ತಿ ನೆಟ್ಟಗಿದ್ದಷ್ಟೂ ಸುಳಿ ಒರಟು. ಸ್ವಲ್ಪ ಹಿಂದಕ್ಕೆ ವಾಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹಳೇ ಜಾಗಕ್ಕೆ ಮಾರ್ಕರ್‌ನಲ್ಲಿ ಗುರುತು ಹಾಕಿಡಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಶೀಲ್ಡನ್ನು ಕತ್ತರಿಸಿ ಗಿಡ್ಡ ಮಾಡುವುದು ಕಟ್ಟಕಡೆಯ ದಾರಿ. ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ಶೀಲ್ಡೇ ಬಡಿದುಕೊಂಡರೆ

ಮಾಡಬಾರದ ಮೊದಲ ಕೆಲಸ, ಬೋಲ್ಟ್ ಇನ್ನೂ ಬಿಗಿ ಮಾಡುವುದು. ಎಲ್ಲರೂ ಮಾಡುವುದು ಅದನ್ನೇ. ಪ್ಲಾಸ್ಟಿಕ್ಕು ಕಬ್ಬಿಣವಲ್ಲ. ಬಿಸಿಲಿಗೆ ಪಾಲಿಕಾರ್ಬೊನೇಟ್ ಉಕ್ಕಿಗಿಂತ ಐದಾರು ಪಟ್ಟು ಜಾಸ್ತಿ ಹಿಗ್ಗುತ್ತದೆ. ಮಧ್ಯಾಹ್ನ ಆಫೀಸಿನ ಪಾರ್ಕಿಂಗಿನಲ್ಲಿ ಕಾದು, ಸಂಜೆ ಮಳೆಗೆ ತಣ್ಣಗಾಗುವ ಶೀಲ್ಡಿಗೆ ಅಲುಗಲು ಒಂದಿಷ್ಟು ಜಾಗ ಬೇಕು. ಬೋಲ್ಟಿಗಿಂತ ತೂತು ಒಂದೆರಡು ಮಿ.ಮೀ. ದೊಡ್ಡದಿರಬೇಕು, ನಡುವೆ ರಬ್ಬರ್ ಇರಬೇಕು. ಬ್ರಾಕೆಟ್, ರಬ್ಬರ್, ಶೀಲ್ಡ್, ಮತ್ತೆ ರಬ್ಬರ್, ಅದರ ಮೇಲೆ ನೈಲಾನ್ ವಾಷರ್, ಆಮೇಲೆ ಬೋಲ್ಟ್. ಬೋಲ್ಟ್ ತಲೆ ನೇರ ಪ್ಲಾಸ್ಟಿಕ್ಕಿಗೆ ತಾಗುತ್ತಿದ್ದರೆ ಆ ಕೆಲಸ ಅರ್ಧ ಮಾಡಿದ್ದು.

ರಬ್ಬರ್ ಸಿಗದಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ತುಂಡು ಕೇಳಿ, ಕೊಡುತ್ತಾರೆ. ದುಂಡಗೆ ಕತ್ತರಿಸಿ ನಡುವೆ ತೂತು ಮಾಡಿ ಹಾಕಿ. ರಬ್ಬರ್ ಸ್ವಲ್ಪ ಒತ್ತಿದಂತೆ ಕಂಡ ಕೂಡಲೇ ಬಿಗಿ ಮಾಡುವುದು ನಿಲ್ಲಿಸಿ. ಅಲೆನ್ ಕೀಯ ಉದ್ದದ ತುದಿ ಹಿಡಿದು ಬಲ ಹಾಕಬೇಡಿ. ಬೋಲ್ಟ್ ಸಡಿಲವಾಗುತ್ತದೆ ಅನ್ನುವ ಭಯ ಇದ್ದರೆ ನೈಲಾಕ್ ನಟ್ ಹಾಕಿ. ಬೋಲ್ಟಿಗೆ ಹಚ್ಚುವ ಥ್ರೆಡ್ ಲಾಕ್ ದ್ರವವನ್ನು ಶೀಲ್ಡ್ ಹತ್ತಿರ ತರಲೇಬೇಡಿ, ಅದು ಪಾಲಿಕಾರ್ಬೊನೇಟನ್ನು ಒಡೆಯುತ್ತದೆ.

ಪೆಟ್ರೋಲ್ ಕೂಡ ಹಾಗೇ. ನಮ್ಮ ಗ್ಯಾರೇಜ್‌ಗಳಲ್ಲಿ ಚೈನಿನಿಂದ ಹಿಡಿದು ಕೈಯವರೆಗೆ ಎಲ್ಲಕ್ಕೂ ಪೆಟ್ರೋಲಿನಲ್ಲಿ ಅದ್ದಿದ ಬನಿಯನ್ ವೇಸ್ಟೇ ಮದ್ದು. "ಅಣ್ಣ, ಶೀಲ್ಡಿಗೆ ಬೇಡ" ಅಂತ ಮೊದಲೇ ಹೇಳಿ. ಪೆಟ್ರೋಲ್, ಥಿನ್ನರ್, ಅಮೋನಿಯ ಇರುವ ಗಾಜು ಒರೆಸುವ ದ್ರವ ಯಾವುದೂ ಆಗದು. ತೂತುಗಳ ಸುತ್ತ ಜೇಡರ ಬಲೆಯಂಥ ಸಣ್ಣ ಗೆರೆ ಕಂಡರೆ ಕಾರಣ ಎರಡೇ, ಅತಿ ಬಿಗಿ ಅಥವಾ ಇಂಥ ದ್ರವ. ಹುಳ ಅಂಟಿದ್ದರೆ ಒದ್ದೆ ಬಟ್ಟೆಯನ್ನು ಶೀಲ್ಡ್ ಮೇಲೆ ಸ್ವಲ್ಪ ಹೊತ್ತು ಹೊದಿಸಿಡಿ, ಮೆತ್ತಗಾಗುತ್ತವೆ. ಆಮೇಲೆ ಸೋಪಿನ ನೀರಲ್ಲಿ ತೊಳೆಯಿರಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ.

ಸೀಳು ಬಿಟ್ಟಿದ್ದರೆ ಅದರ ತುದಿಯಲ್ಲಿ 3 ಮಿ.ಮೀ. ಬಿಟ್‌ನಿಂದ ನಿಧಾನವಾಗಿ ಒಂದು ತೂತು ಕೊರೆಯಿರಿ. ಹಿಂದೆ ಮರದ ತುಂಡು ಒತ್ತಿ ಹಿಡಿದಿರಬೇಕು. ಚೂಪಾದ ತುದಿಯಲ್ಲಿ ಸೇರುತ್ತಿದ್ದ ಒತ್ತಡ ದುಂಡು ತೂತಿನ ಸುತ್ತ ಹಂಚಿಹೋಗುತ್ತದೆ, ಸೀಳು ಮುಂದೆ ಓಡುವುದಿಲ್ಲ. ಇದು ಪಾಲಿಕಾರ್ಬೊನೇಟಿಗೆ ಚೆನ್ನಾಗಿ ನಡೆಯುತ್ತದೆ. ಅಕ್ರಿಲಿಕ್ ಪೆಡಸು. ಕೊರೆಯುವಾಗಲೇ ಚೂರಾದರೂ ಆಗಬಹುದು. ಸೀಳು ಬೋಲ್ಟ್ ತೂತಿನಿಂದ ಅಂಚಿನವರೆಗೂ ಹೋಗಿದ್ದರೆ ಯಾವ ರಿಪೇರಿಯೂ ಬೇಡ, ಬದಲಿಸಿ.

ಹ್ಯಾಂಡಲ್ ತಿರುಗಿಸಿದಾಗ ಏನೋ ಆದರೆ

ಶೀಲ್ಡ್ ಕೂರಿಸುವಾಗ ಹೆಡ್‌ಲೈಟ್ ಬಿಚ್ಚಿರುತ್ತಾರೆ, ಕೇಬಲ್ ಸರಿಸಿರುತ್ತಾರೆ. ಇಂಜಿನ್ ಐಡಲ್‌ನಲ್ಲಿ ಬಿಟ್ಟು ಹ್ಯಾಂಡಲ್ಲನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ. ಇಂಜಿನ್ ಸದ್ದು ಏರಿದರೆ ಥ್ರಾಟಲ್ ಕೇಬಲ್ ಬ್ರಾಕೆಟ್ಟಿಗೆ ಸಿಕ್ಕಿ ಎಳೆಯುತ್ತಿದೆ. ಇದನ್ನು ಸರಿ ಮಾಡದೆ ಗಾಡಿ ಹೊರಗೆ ತೆಗೆಯಬೇಡಿ, ಯು ಟರ್ನ್ ಹೊಡೆಯುವಾಗ ಗಾಡಿ ತಾನೇ ಮುಂದೆ ನುಗ್ಗುತ್ತದೆ. ತಿರುಗಿಸಿದಾಗ ಹಾರ್ನ್ ಹೊಡೆದುಕೊಂಡರೆ, ಇಂಡಿಕೇಟರ್ ಸತ್ತರೆ, ಯಾವುದೋ ವೈರ್ ಬ್ರಾಕೆಟ್ಟಿಗೂ ಫೋರ್ಕಿಗೂ ನಡುವೆ ಸಿಕ್ಕಿದೆ. ಹೆಡ್‌ಲೈಟ್ ಡೋಮ್ ಒಳಗಿನ ಕಪ್ಲರ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿ, ಕ್ಲಿಕ್ ಅನ್ನದೆ ಅರ್ಧ ಕೂತದ್ದು ಒಂದಾದರೂ ಸಿಗುತ್ತದೆ.

ರಾತ್ರಿ ಕಣ್ಣು ಕುಕ್ಕಿದರೆ

ಶೀಲ್ಡಿನ ಮೇಲಂಚು ಎಲ್ಲಿದೆ ನೋಡಿ. ಗಾಡಿ ಮೇಲೆ ಎಂದಿನಂತೆ ಕೂತಾಗ ಅಂಚು ನಿಮ್ಮ ಮೂಗಿನ ಮಟ್ಟದಲ್ಲಿರಬೇಕು, ನೋಟ ಅದರ ಮೇಲಿಂದ ಹೋಗಬೇಕು, ಒಳಗಿನಿಂದ ಅಲ್ಲ. ಮಳೆಯಲ್ಲಿ ಹೊಸೂರು ರಸ್ತೆಯ ಎದುರು ಲೈಟುಗಳನ್ನು ಗೀರು ಬಿದ್ದ ಶೀಲ್ಡ್ ಒಳಗಿನಿಂದ ಒಮ್ಮೆ ನೋಡಿದರೆ ಯಾಕೆ ಅಂತ ಹೇಳಬೇಕಾಗಿಲ್ಲ. ಸಣ್ಣ ಗೀರುಗಳನ್ನು ಪ್ಲಾಸ್ಟಿಕ್ ಪಾಲಿಶ್‌ನಿಂದ ಮಾಸುವಂತೆ ಮಾಡಬಹುದು, ಆದರೆ ಮೇಲೆ ಗಟ್ಟಿ ಲೇಪ ಇರುವ ಶೀಲ್ಡನ್ನು ತಿಕ್ಕಿದರೆ ಲೇಪವೂ ಹೋಗುತ್ತದೆ. ಕಪ್ಪು ಛಾಯೆಯ ಶೀಲ್ಡ್ ಬೇಕೇ ಬೇಕು ಅನ್ನುವವರು ಗಿಡ್ಡದ್ದನ್ನು ಹಾಕಿಕೊಳ್ಳಿ. ಉದ್ದದ್ದು ಬೇಕಾದರೆ ಸುಮ್ನೆ ಬಣ್ಣವಿಲ್ಲದ ಪಾರದರ್ಶಕದ್ದನ್ನೇ ತೆಗೆದುಕೊಳ್ಳಿ.